ಚಕೇರಿಯಿಂದ ವಿಮಾನಪುರಕ್ಕೆ: ಲಿಬರೇಟರ್ ಬಾಂಬರ್ ಮತ್ತು ಅದರ ಸಿಬ್ಬಂದಿ

1948ರ ನವೆಂಬರ್ 2ರಂದು ಕಾನ್ಪುರದಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ದಳ ಅದು. ದಳಕ್ಕೆ ಸೇರಿದ ಲಿಬರೇಟರ್ ವಿಮಾನಗಳನ್ನು ಯಾವ ದೇಶದಿಂದಲೂ ದುಡ್ಡು ಕೊಟ್ಟು ತಂದಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನು ಕೆಲಸಕ್ಕೆ ಬಾರದವೆಂದು ಕೆಡವಿ ಬಿಟ್ಟುಹೋಗಿದ್ದ ವಿಮಾನಗಳು ಅವು. ಅವನ್ನು ಬಿಚ್ಚಿ, ಶುಚಿ ಮಾಡಿ, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಹಾರುವಂತೆ ಮಾಡಿದವರು ಬೆಂಗಳೂರಿನ ವಿಮಾನ ಕಾರ್ಖಾನೆಯ ಕೆಲಸಗಾರರು. ಹಾಗೆ ಮರುಜೀವ ಪಡೆದ ಲಿಬರೇಟರ್‌ಗಳು ಒಟ್ಟು 42. ಇಪ್ಪತ್ತು ವರ್ಷ ಅವು ಭಾರತದ ಆಕಾಶದಲ್ಲಿ, ಅರಬ್ಬೀ ಸಮುದ್ರದ ಮೇಲೆ, ಬಂಗಾಳ ಕೊಲ್ಲಿಯ ಮೇಲೆ ಹಾರಿದವು.

ಬಿನ್ನಿಪೇಟೆಯ ಸ್ಮರಣ ಸಂಚಿಕೆಗೆ ಈ ವಿಷಯವನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಗಿರಣಿ ಆರಂಭವಾದದ್ದು 1884ರಲ್ಲಿ. ಎರಡು ವರ್ಷಕ್ಕೆ ಅದು ಬಿನ್ನಿ ಕಂಪನಿಯ ಕೈಸೇರಿತು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದ ಹೆಸರು ಕಾಗದದಲ್ಲಿತ್ತು. ಜನರ ಬಾಯಲ್ಲಿ ಅದು ಎಂದೆಂದೂ ಬಿನ್ನಿ ಮಿಲ್. ಯುದ್ಧದ ವರ್ಷಗಳಲ್ಲಿ ಇಲ್ಲಿನ ಮಗ್ಗಗಳು ಸೈನ್ಯಕ್ಕೆ ಬಟ್ಟೆ, ಕಂಬಳಿ ನೇಯುತ್ತಿದ್ದಾಗ, ಊರಿನ ಪೂರ್ವದ ತುದಿಯಲ್ಲಿ, ಇಂದಿನ ವಿಮಾನಪುರದಲ್ಲಿ, ಹೊಸ ಕಾರ್ಖಾನೆಯೊಂದು ಅದೇ ಯುದ್ಧದ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಪಡುವಣದಲ್ಲಿ ನೂಲು, ಮೂಡಣದಲ್ಲಿ ಅಲ್ಯೂಮಿನಿಯಂ ತಗಡು. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ಬಿನ್ನಿ, ಮಿನರ್ವ, ಮಹಾರಾಜ ಮಿಲ್ಲುಗಳ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ವಿಮಾನ ಕಾರ್ಖಾನೆಯ ಕೆಲಸಗಾರರೂ ಬಂದರು. ಬ್ರಿಟಿಷರ ಯುದ್ಧಕ್ಕೆ ದುಡಿಯುತ್ತಿದ್ದ ಕೈಗಳೇ ಬ್ರಿಟಿಷರು ತೊಲಗಲಿ ಎಂದು ಮುಷ್ಟಿ ಕಟ್ಟಿದವು. ಆ ಪೀಳಿಗೆಯ ಕೈಕೆಲಸದ ಚರಿತ್ರೆಯನ್ನು ಒಂದೇ ಚರಿತ್ರೆಯಾಗಿ ಓದಬೇಕೆಂಬುದು ನನ್ನ ನಂಬಿಕೆ. ಹಾಗಾಗಿ ಗಿರಣಿಯ ಸಂಚಿಕೆಯಲ್ಲಿ ವಿಮಾನದ ಕತೆ.

ಮೊದಲು ಈ ವಿಮಾನ ಎಂಥದ್ದೆಂದು ನೋಡೋಣ. ಅಮೆರಿಕದ ಸ್ಯಾನ್ ಡಿಯಾಗೋದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಬಿ-24 ಮೊದಲ ಬಾರಿಗೆ ಹಾರಿದ್ದು 1939ರ ಡಿಸೆಂಬರ್ 29ರಂದು. ಅದಕ್ಕೆ ಲಿಬರೇಟರ್ ಎಂಬ ಹೆಸರು ಬ್ರಿಟಿಷ್ ವಾಯುಪಡೆಯಿಂದ ಬಂತು. ಯುದ್ಧ ಮುಗಿಯುವ ಹೊತ್ತಿಗೆ 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದವು. ಭಾರೀ ಬಾಂಬರ್‌ಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದದ್ದು ಬೇರೊಂದಿಲ್ಲ. ಮಿಷಿಗನ್ನಿನ ವಿಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿ ಕಟ್ಟಿದ ಕಾರ್ಖಾನೆ ತನ್ನ ಉತ್ತುಂಗದಲ್ಲಿ ಗಂಟೆಗೊಂದು ಲಿಬರೇಟರನ್ನು ಹೊರಗೆ ಬಿಡುತ್ತಿತ್ತು.

ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಮೂಗಿನಿಂದ ಬಾಲಕ್ಕೆ 67 ಅಡಿ. ಉದ್ದನೆಯ, ಕಿರಿದಾದ, ಒಡಲಿನ ಮೇಲ್ಭಾಗದಲ್ಲಿ ಕೂರಿಸಿದ ಆ ರೆಕ್ಕೆಯೇ ಲಿಬರೇಟರಿನ ಗುಟ್ಟು. ಡೇವಿಸ್ ಎಂಬ ವಿನ್ಯಾಸಕಾರನ ಹೆಸರಿನ ಈ ರೆಕ್ಕೆ ಗಾಳಿಯ ತಡೆಯನ್ನು ಕಡಿಮೆ ಮಾಡಿ ವಿಮಾನಕ್ಕೆ ದೂರ ಹಾರುವ ಶಕ್ತಿ ಕೊಟ್ಟಿತು. ರೆಕ್ಕೆಯ ಮೇಲೆ ಪ್ರ್ಯಾಟ್ ಅಂಡ್ ವಿಟ್ನಿಯವರ ಟ್ವಿನ್ ವಾಸ್ಪ್ ಎಂಜಿನ್ನುಗಳು ನಾಲ್ಕು, ಒಂದೊಂದಕ್ಕೂ 1,200 ಅಶ್ವಶಕ್ತಿ. ಬಾಂಬು ತುಂಬುವ ಕೋಣೆಯ ಬಾಗಿಲುಗಳು ಹೊರಕ್ಕೆ ತೆರೆದುಕೊಳ್ಳದೆ ಅಂಗಡಿಯ ಶಟರ್‌ನಂತೆ ಒಡಲಿಗೆ ಸುತ್ತಿಕೊಂಡು ಮೇಲಕ್ಕೆ ಸರಿಯುತ್ತಿದ್ದವು. ಮುಂದಿನ ಭಾಗದಿಂದ ಹಿಂದಕ್ಕೆ ಹೋಗಬೇಕಾದವನು ಬಾಂಬುಗಳ ನಡುವೆ ಹಾಸಿದ ಸುಮಾರು ಒಂಬತ್ತು ಅಂಗುಲ ಅಗಲದ ಪಟ್ಟಿಯ ಮೇಲೆ ನಡೆದು ದಾಟಬೇಕಿತ್ತು. ಕೆಳಗೆ ಬಾಗಿಲ ತೆಳು ತಗಡು, ಅದರ ಕೆಳಗೆ ಸಾವಿರಾರು ಅಡಿ ಆಳ.

ಸಿಬ್ಬಂದಿ ಎಂಟರಿಂದ ಹನ್ನೊಂದು ಮಂದಿ. ಇಬ್ಬರು ಪೈಲಟ್‌ಗಳು, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಗುರಿ ನೋಡಿ ಬಾಂಬು ಬಿಡುವವನು, ವೈರ್‌ಲೆಸ್ ಆಪರೇಟರ್, ಎಂಜಿನ್, ಇಂಧನ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್, ಉಳಿದವರು ಮೂಗಿನಲ್ಲಿ, ಬೆನ್ನಿನ ಮೇಲೆ, ಪಕ್ಕಗಳಲ್ಲಿ, ಬಾಲದಲ್ಲಿ ಮೆಷಿನ್ ಗನ್ ಹಿಡಿದು ಕೂತ ಗನ್ನರ್‌ಗಳು. ಒಡಲಿನೊಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಎತ್ತರಕ್ಕೆ ಹೋದರೆ ಆಮ್ಲಜನಕದ ಮುಖವಾಡ, ಕೊರೆಯುವ ಚಳಿ, ನಾಲ್ಕು ಎಂಜಿನ್ನುಗಳ ಮೊರೆತ. ಹತ್ತು ಹನ್ನೆರಡು ಗಂಟೆ ಹೀಗೆಯೇ ಕೂತಿರಬೇಕು. ಇಡೀ ಗುಂಪಿನ ಜೀವ ಒಬ್ಬೊಬ್ಬನ ಎಚ್ಚರದ ಮೇಲೆ ನಿಂತಿರುತ್ತಿತ್ತು.

ಈ ವಿಮಾನ ನಮ್ಮ ನೆಲಕ್ಕೆ ಬಂದದ್ದು ಬರ್ಮಾದ ಯುದ್ಧಕ್ಕಾಗಿ. 1942ರ ಏಪ್ರಿಲ್‌ನಲ್ಲಿ ಜಪಾನೀಯರ ಬಾಂಬುಗಳು ಕೊಲಂಬೊ ಮೇಲೆ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಿದ್ದವು. ಮದ್ರಾಸಿನ ಜನ ಊರು ಬಿಟ್ಟರು. ಮುಂದೆ ಬಂಗಾಳದ ಸಾಲ್ಬನಿ, ದಿಗ್ರಿ, ಧುಬುಲಿಯ, ಜೆಸ್ಸೂರುಗಳ ರನ್‌ವೇಗಳಿಂದ ಲಿಬರೇಟರ್ ದಳಗಳು ಬರ್ಮಾ, ಸಯಾಮುಗಳ ರೈಲು ಸೇತುವೆಗಳ ಮೇಲೆ, ಬಂದರುಗಳ ಮೇಲೆ ದಾಳಿಗೆ ಹೊರಟವು. ದೂರವೇ ಅವರ ಮೊದಲ ಶತ್ರು. 159ನೇ ಸ್ಕ್ವಾಡ್ರನ್ನಿನ ನಾಯಕ, ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್, ಎಂಜಿನ್ನಿನ ವೇಗ, ಇಂಧನದ ಮಿಶ್ರಣಗಳನ್ನು ಹದಗೊಳಿಸಿ ಅದೇ ಪೆಟ್ರೋಲಿನಲ್ಲಿ ಹೆಚ್ಚು ದೂರ ಹಾರುವ, ಹೆಚ್ಚು ಭಾರ ಹೊರುವ ಕ್ರಮ ಕಂಡುಕೊಂಡರು. 1944ರ ಅಕ್ಟೋಬರ್‌ನಲ್ಲಿ ಅವರ 15 ಲಿಬರೇಟರ್‌ಗಳು ಹೋಗಿ ಬರುವ ದಾರಿ 3,000 ಮೈಲಿಗೂ ಮಿಕ್ಕಿದ್ದ ಪೆನಾಂಗ್ ಬಂದರಿಗೆ ಸಮುದ್ರಬಾಂಬು ಬಿತ್ತಿ ಬಂದವು.

ಈ ಯುದ್ಧದಲ್ಲಿ ಕನ್ನಡ ನೆಲಕ್ಕೊಂದು ನೇರ ಪಾತ್ರವಿತ್ತು. ಅದು ಕೋಲಾರ. ಎರಡು ಎಂಜಿನ್ನಿನ ವಿಮಾನ ಹಾರಿಸಿ ಅಭ್ಯಾಸವಿದ್ದ ಸಿಬ್ಬಂದಿಗೆ ನಾಲ್ಕು ಎಂಜಿನ್ನಿನ ಲಿಬರೇಟರ್ ಕಲಿಸುವ ತರಬೇತಿ ಘಟಕ, 1673ನೇ ಹೆವಿ ಕನ್ವರ್ಷನ್ ಯೂನಿಟ್, ಕೋಲಾರದ ವಿಮಾನನೆಲೆಯಲ್ಲಿತ್ತು. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಿಂದ ಬಂದ ಇಪ್ಪತ್ತರ ಹರೆಯದ ಹುಡುಗರು ಈ ಬಾಂಬರಿನ ಪಾಠ ಕಲಿತದ್ದು ರಾಗಿ ಹೊಲಗಳ, ಕೆರೆಗಳ, ಬೋಳು ಬಂಡೆಗಳ ಮೇಲೆ ಹಾರಾಡಿ. 1944ರ ನವೆಂಬರ್ 8ರಂದು ಅಲ್ಲಿಯೇ 358ನೇ ಸ್ಕ್ವಾಡ್ರನ್ ಎಂಬ ಹೊಸ ದಳ ಹುಟ್ಟಿತು. 1945ರ ಜನವರಿಯಲ್ಲಿ ಆ ದಳ ಮಾಡಿದ ಬಾಂಬು ದಾಳಿ ಒಂದೇ ಒಂದು. ಆಮೇಲೆ ಅದಕ್ಕೆ ಬೇರೆ ಕೆಲಸ ಬಂತು. ರಾತ್ರಿ ಹೊತ್ತು ಶತ್ರುವಿನ ಹಿಡಿತದಲ್ಲಿದ್ದ ನಾಡುಗಳ ಒಳಕ್ಕೆ ಹಾರಿ, ಗುಪ್ತವಾಗಿ ಹೋರಾಡುವವರನ್ನೂ ಅವರಿಗೆ ಬೇಕಾದ ಸಾಮಾನನ್ನೂ ಪ್ಯಾರಾಶೂಟಿನಲ್ಲಿ ಇಳಿಸುವ ಕೆಲಸ. ಕೋಲಾರವೆಂದರೆ ಚಿನ್ನ, ಹಾಲು, ಟೊಮ್ಯಾಟೊ ಎಂದಷ್ಟೇ ನೆನೆಯುವ ನಾವು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಹೋದವರೆಲ್ಲ ಮರಳಲಿಲ್ಲ. ಹಿಂದೂ ಮಹಾಸಾಗರದ ಕೊಕೊಸ್ ದ್ವೀಪದಿಂದ ಹೊರಟ 356ನೇ ಸ್ಕ್ವಾಡ್ರನ್ನಿನ ಕೆಎಲ್ 654 ಎಂಬ ಲಿಬರೇಟರ್ 1945ರ ಆಗಸ್ಟ್ 23ರಂದು ಮಲಯದ ಕಾಡಿನಲ್ಲಿ ಬಿತ್ತು. ಜಪಾನ್ ಶರಣಾಗುವುದಾಗಿ ಘೋಷಿಸಿ ಎಂಟು ದಿನ ಕಳೆದಿತ್ತು. ಅದು ಹೊತ್ತೊಯ್ಯುತ್ತಿದ್ದದ್ದು ಕಾಡಿನಲ್ಲಿದ್ದ ಹೋರಾಟಗಾರರಿಗೆ ಸಾಮಾನು. ಒಳಗಿದ್ದ ಎಂಟು ಮಂದಿಯ ಅವಶೇಷಗಳು ದಶಕಗಳ ತನಕ ಗುಡ್ಡದ ಮೇಲೆಯೇ ಉಳಿದು, ಕೊನೆಗೆ 2012ರಲ್ಲಿ ಕ್ವಾಲಾಲಂಪುರದಲ್ಲಿ ಸೇನಾ ಗೌರವದೊಂದಿಗೆ ಮಣ್ಣಾದವು. ನಮ್ಮ ಕಡೆಯಲ್ಲಿಯೂ ಅಂಥ ಸಮಾಧಿಗಳಿವೆ. ದಕ್ಷಿಣ ಭಾರತದ ಹಲವು ಊರುಗಳಲ್ಲಿ ಚದುರಿದ್ದ ಆ ಯುದ್ಧದ ಸೈನಿಕರ, ವಾಯುಪಡೆಯವರ ಗೋರಿಗಳನ್ನು ಮುಂದೆ ಮದ್ರಾಸಿನ ನಂದಂಬಾಕ್ಕಂನ ಯುದ್ಧ ಸ್ಮಶಾನಕ್ಕೆ ತಂದು ಸೇರಿಸಲಾಯಿತು. ಅಲ್ಲಿಗೆ ಹೋದವರು ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದಿ ಬರಬೇಕು.

ಇನ್ನು ಕಾರ್ಖಾನೆಯ ವಿಚಾರ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಯ ಕನಸು ಹೊತ್ತು ತಿರುಗುತ್ತಿದ್ದಾಗ ಮೈಸೂರು ಸಂಸ್ಥಾನ ಕೈಚಾಚಿ ಕರೆಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ 700 ಎಕರೆ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿದವರು ಅಮೆರಿಕದ ವಿಲಿಯಂ ಪಾಲಿ. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಇಲ್ಲಿ ಜೋಡಣೆಯಾಗಿ ಹಾರಿದವು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಕಾರ್ಖಾನೆ ಊರಿನ ಆಚೆ, ಕಲಿಕೆ ಊರಿನ ಈಚೆ. ಎರಡರ ನಡುವೆ ಜನ ಓಡಾಡತೊಡಗಿದರು.

1943ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. 84ನೇ ಏರ್ ಡಿಪೊ ಎಂದು ಅದಕ್ಕೆ ಹೆಸರಾಯಿತು. ಹೊಸ ವಿಮಾನ ಕಟ್ಟುವ ಕೆಲಸ ನಿಂತು, ರಿಪೇರಿ ಮತ್ತು ಓವರ್‌ಹಾಲ್ ಮುಖ್ಯವಾಯಿತು. ಮೊದಲು ಬಂದದ್ದು ಕ್ಯಾಟಲಿನ ಎಂಬ ನೀರಿನ ಮೇಲಿಳಿಯುವ ವಿಮಾನ. ಅದಕ್ಕೆ ಬೆಳ್ಳಂದೂರು ಕೆರೆಯೇ ಇಳಿದಾಣ. ಆಮೇಲೆ ಡಕೋಟಾ, ಮಿಚೆಲ್, ಲಿಬರೇಟರ್ ಎಂದು ಭಾರತ ಮತ್ತು ಬರ್ಮಾದಲ್ಲಿ ಹಾರುತ್ತಿದ್ದ ಎಲ್ಲ ಬಗೆಯ ವಿಮಾನಗಳೂ ಬಂದವು. ಎರಡು ವರ್ಷದ ಬಳಿಕ ಕಾರ್ಖಾನೆ ಮತ್ತೆ ಭಾರತದ ಆಡಳಿತಕ್ಕೆ ಮರಳಿದಾಗ ಪೂರ್ವದೇಶಗಳಲ್ಲೇ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳ ಸಾಲಿಗೆ ಸೇರಿತ್ತು.

ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಒತ್ತಿ ಹೇಳಬೇಕು. ಮುಂದೆ ನಡೆದ ಸಾಹಸದ ಬೇರು ಅದರಲ್ಲಿದೆ. ಕ್ಯಾಟಲಿನಕ್ಕೂ ಡಕೋಟಾಕ್ಕೂ ಲಿಬರೇಟರ್‌ಗೂ ಇದ್ದದ್ದು ಒಂದೇ ಕುಲದ ಎಂಜಿನ್, ಟ್ವಿನ್ ವಾಸ್ಪ್. ಕ್ಯಾಟಲಿನ ಮತ್ತು ಲಿಬರೇಟರ್ ಎರಡೂ ಒಂದೇ ಕಂಪನಿಯ ವಿಮಾನಗಳು. ಎತ್ತರದಲ್ಲಿ ಎಂಜಿನ್ನಿಗೆ ಗಾಳಿಯೂಡುವ ಟರ್ಬೊ ಲಿಬರೇಟರಿನಲ್ಲಿ ಹೆಚ್ಚುವರಿಯಾಗಿತ್ತು, ಅಷ್ಟೆ. ಒಂದು ಎಂಜಿನ್ನಿಗೆ 14 ಸಿಲಿಂಡರ್, ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ನಾಲ್ಕು ಎಂಜಿನ್ನಿಗೆ 56 ಸಿಲಿಂಡರ್, 112 ಪ್ಲಗ್. ಇವನ್ನು ಬೆಂಗಳೂರಿನ ಫಿಟ್ಟರ್‌ಗಳು ಯುದ್ಧದ ಎರಡು ವರ್ಷ ಹಗಲು ರಾತ್ರಿ ಪಾಳಿಗಳಲ್ಲಿ ಬಿಚ್ಚಿ ಜೋಡಿಸಿದ್ದರು. ಯುದ್ಧ ಮುಗಿದು ಅಮೆರಿಕನ್ನರು ಹೋದರು. ಕೈಗೆ ಹತ್ತಿದ ಕೆಲಸ ಇಲ್ಲಿಯೇ ಉಳಿಯಿತು.

ಯುದ್ಧ ಮುಗಿದಾಗ ಬ್ರಿಟಿಷರ ಬಳಿಯಿದ್ದ ಹೆಚ್ಚಿನ ಲಿಬರೇಟರ್‌ಗಳು ಅಮೆರಿಕದಿಂದ ಲೆಂಡ್-ಲೀಸ್ ಎಂಬ ಕಡದ ಒಪ್ಪಂದದಲ್ಲಿ ಬಂದಿದ್ದವು. ಒಂದೋ ಅವನ್ನು ಹಿಂತಿರುಗಿಸಬೇಕು, ಇಲ್ಲವೇ ಇನ್ನಾರೂ ಬಳಸದಂತೆ ನಾಶ ಮಾಡಬೇಕು. ಹಿಂತಿರುಗಿಸಿದರೆ ಇಟ್ಟುಕೊಳ್ಳಲು ಅಮೆರಿಕಕ್ಕೂ ಬೇಡವಾಗಿತ್ತು. ಹೀಗಾಗಿ ದಳಗಳು ತಮ್ಮ ವಿಮಾನಗಳನ್ನು ಕಾನ್ಪುರದ ಚಕೇರಿಯಲ್ಲಿದ್ದ 322ನೇ ಮೇಂಟೆನೆನ್ಸ್ ಯೂನಿಟ್ಟಿಗೆ ತಂದಿಳಿಸಿ, ಒಪ್ಪಿಸಿ ಮನೆಗೆ ಹೊರಟವು. ಅಲ್ಲಿ ಅವನ್ನು ಕೆಡಿಸುವ ಕೆಲಸ ನಡೆಯಿತು. ಒಡಲಿಗೆ ಗುದ್ದಲಿ ಏಟು, ಒಡೆದ ಮೀಟರುಗಳು, ಕೆಲವು ಎಂಜಿನ್ನುಗಳೊಳಗೆ ಮರಳು: ವಾಯುಪಡೆಯ ಚರಿತ್ರೆ ಬರೆದವರು ಹೀಗೆ ದಾಖಲಿಸಿದ್ದಾರೆ. ಆ ಬಳಿಕ ಎರಡು ಮೂರು ಮುಂಗಾರುಗಳು, ಗಂಗೆಯ ಬಯಲಿನ ಎರಡು ಮೂರು ಬೇಸಿಗೆಗಳು ಅವುಗಳ ಮೇಲೆ ಹಾದುಹೋದವು.

ಅಷ್ಟರಲ್ಲಿ ದೇಶ ಸ್ವತಂತ್ರವಾಗಿ, ಇಬ್ಭಾಗವಾಗಿ, ಕಾಶ್ಮೀರದಲ್ಲಿ ಯುದ್ಧವೂ ಶುರುವಾಗಿತ್ತು. ಪಾಕಿಸ್ತಾನ ಬ್ರಿಟನ್ನಿನಿಂದ ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳನ್ನು ಕೊಳ್ಳಲು ಹೊರಟಿತು. ಭಾರತದ ಬಳಿ ಭಾರೀ ಬಾಂಬರ್ ಒಂದೂ ಇರಲಿಲ್ಲ. ಕೊಳ್ಳಲು ವಿದೇಶಿ ಹಣದ ಕೊರತೆ. ಆಗ ಎಲ್ಲರ ಕಣ್ಣು ಚಕೇರಿಯ ಆ ಸಾಲಿನ ಮೇಲೆ ಬಿತ್ತು. ಕೆಲಸ ಬೆಂಗಳೂರಿನ ಕಾರ್ಖಾನೆಗೆ ಬಂತು.

ಬೆಂಗಳೂರಿನಿಂದ ಹೋದ ತಂಡ ಚಕೇರಿಯಲ್ಲಿ ಮಾಡಿದ್ದು ಪೂರ್ಣ ರಿಪೇರಿಯಲ್ಲ. ಇದ್ದವುಗಳಲ್ಲಿ ಮೂಳೆ ಗಟ್ಟಿಯಿದ್ದ ವಿಮಾನವನ್ನು ಆರಿಸುವುದು, ಪಕ್ಕದ ವಿಮಾನದಿಂದ ಬೇಕಾದ ಭಾಗ ಕಳಚಿ ಇದಕ್ಕೆ ಕೂರಿಸುವುದು, ಒಂದೇ ಒಂದು ಹಾರಾಟಕ್ಕೆ, ಅಂದರೆ ಕಾನ್ಪುರದಿಂದ ಬೆಂಗಳೂರಿಗೆ, ತಕ್ಕಷ್ಟು ಸಿದ್ಧಗೊಳಿಸುವುದು. ನಿಜವಾದ ಕೆಲಸವೆಲ್ಲ ಬೆಂಗಳೂರಿನ ಹ್ಯಾಂಗರಿನಲ್ಲಿ. ಆದರೆ ಅಲ್ಲಿಗೆ ತರುವ ತನಕದ ಸುಮಾರು 1,500 ಕಿಲೋಮೀಟರ್ ದಾರಿಯಲ್ಲಿ ವಿಂಧ್ಯದ ಕಾಡು, ದಖ್ಖನ್ನಿನ ಬಯಲು, ಕೃಷ್ಣೆ ತುಂಗಭದ್ರೆಯರನ್ನು ದಾಟಬೇಕಿತ್ತು.

ಆ ಹಾರಾಟಗಳನ್ನು ಮಾಡಿದವರು ಕಾರ್ಖಾನೆಯ ಮುಖ್ಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಕೈಕೊಬಾದ್ ಮುನ್ಷಿ. ಬೆಂಗಳೂರಿನವರಿಗೆ ಜಿಮ್ಮಿ ಮುನ್ಷಿ. ಹತ್ತು ಜನ ಕೂರುತ್ತಿದ್ದ ಬಾಂಬರನ್ನು ಅವರು ಬೆರಳೆಣಿಕೆಯ ಸಹಾಯಕರೊಂದಿಗೆ ಎತ್ತಿಕೊಂಡು ಬಂದರು. ಮರಳು ನುಂಗಿದ್ದ ಎಂಜಿನ್ನು, ಮಳೆಯಲ್ಲಿ ನೆನೆದ ವೈರು, ನಂಬಲಾಗದ ಮೀಟರು. ಹೀಗೆ ಒಂದಾದ ಮೇಲೊಂದು 42 ವಿಮಾನಗಳು ಬೆಂಗಳೂರಿನ ರನ್‌ವೇಯಲ್ಲಿಳಿದವು. ಜಗತ್ತಿನ ವಿಮಾನ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಫೆರಿ ಹಾರಾಟಗಳು ವಿರಳ. 1951ರ ಆಗಸ್ಟ್‌ನಲ್ಲಿ ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ವಿಮಾನವನ್ನು, ಅಂದರೆ ಸ್ವತಂತ್ರ ಭಾರತದಲ್ಲಿ ವಿನ್ಯಾಸಗೊಂಡ ಮೊದಲ ತರಬೇತಿ ವಿಮಾನವನ್ನು, ಮೊತ್ತಮೊದಲು ಆಕಾಶಕ್ಕೆ ಒಯ್ದವರೂ ಇದೇ ಮುನ್ಷಿ. ಎಚ್‌ಟಿ-2ಗಾಗಿ ಅವರ ಹೆಸರು ಅಲ್ಲಿ ಇಲ್ಲಿ ಉಳಿದಿದೆ. ಲಿಬರೇಟರ್‌ಗಳಿಗಾಗಿ ಇನ್ನೂ ಹೆಚ್ಚು ಉಳಿಯಬೇಕಿತ್ತು.

ಹ್ಯಾಂಗರಿನೊಳಗೆ ವಿಮಾನ ಸೇರಿದ ಮೇಲೆ ಪಾಳಿಯವರ ಕೆಲಸ ಆರಂಭ. ಎಂಜಿನ್ನುಗಳನ್ನು ಇಳಿಸಿ ಪೂರ್ತಿ ಬಿಚ್ಚಬೇಕು. 42 ವಿಮಾನಕ್ಕೆ ನಾಲ್ಕರಂತೆ 168 ಎಂಜಿನ್ನು. ಬೇರಿಂಗಿನ ಸಂದಿಯಲ್ಲಿ ಮರಳಿನ ಒಂದು ಕಣ ಉಳಿದರೂ ಎಂಜಿನ್ನು ಆಕಾಶದಲ್ಲಿ ಬಿಗಿದುಕೊಳ್ಳುತ್ತದೆ. ಚುಕ್ಕಾಣಿಯ ತಂತಿಗಳನ್ನು ಬದಲಿಸಬೇಕು. ಚಕ್ರ, ಬ್ರೇಕು, ರೆಕ್ಕೆಯಡಿಯ ಫ್ಲ್ಯಾಪುಗಳನ್ನು ಆಡಿಸುವ ಹೈಡ್ರಾಲಿಕ್ ಕೊಳವೆಗಳಲ್ಲಿ ಸೋರಿಕೆ ಹುಡುಕಬೇಕು. ಗುದ್ದಲಿಯ ತೂತಿಗೆ ತಗಡಿನ ತೇಪೆ ಕೂರಿಸಿ ರಿವೆಟ್ ಹೊಡೆಯಬೇಕು. ಒಳಗೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದರೆ ಹೊರಗೊಬ್ಬ ಗನ್ನಿನಿಂದ ಹೊಡೆಯುತ್ತಾನೆ. ಇಬ್ಬರ ಲಯ ತಪ್ಪಿದರೆ ರಿವೆಟ್ ಕೆಡುತ್ತದೆ. ಬಿಡಿಭಾಗ ಕಳಿಸೆಂದು ಅಮೆರಿಕಕ್ಕೆ ತಂತಿ ಕೊಡುವ ಹಾಗಿರಲಿಲ್ಲ, ಅಲ್ಲಿಯೂ ಲಿಬರೇಟರ್ ತಯಾರಿ 1945ರಲ್ಲೇ ನಿಂತಿತ್ತು. ಸಿಕ್ಕಿದ್ದನ್ನು ಬಳಸುವುದು, ಸಿಗದ್ದನ್ನು ಲೇತಿನಲ್ಲಿ ತಿರುಗಿಸಿಕೊಳ್ಳುವುದು, ಇಷ್ಟೇ ದಾರಿ.

ಕಾನ್ಪುರದಲ್ಲಿ ಹುಟ್ಟಿದ 5ನೇ ಸ್ಕ್ವಾಡ್ರನ್ ಬಳಿಕ ಪುಣೆಗೆ ನೆಲೆ ಬದಲಿಸಿತು. ಆನೆ ಅದರ ಲಾಂಛನ. ಲಿಬರೇಟರಿನಂಥ ಭಾರೀ ವಿಮಾನದಲ್ಲಿ ಹತ್ತು ಮಂದಿ ಒಂದು ತಂಡವಾಗಿ ದುಡಿಯುವ ಶಿಸ್ತನ್ನು ಭಾರತೀಯರು ಕಲಿತದ್ದು ಅಲ್ಲಿ. ಅದಕ್ಕೂ ಮೊದಲು ನಮ್ಮವರ ಪಾಲಿಗೆ ಬಂದಿದ್ದ ಯುದ್ಧವಿಮಾನಗಳಲ್ಲಿ ಹೆಚ್ಚಿನವು ಒಬ್ಬರು, ಇಬ್ಬರು ಕೂರುವಂಥವು. ದೂರದ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗಳು, ಬಹು ಎಂಜಿನ್ನುಗಳ ಮೇಲೆ ಕಣ್ಣಿಡುವ ಎಂಜಿನಿಯರ್‌ಗಳು, ವೈರ್‌ಲೆಸ್ ಸಿಗ್ನಲ್ಲರ್‌ಗಳು ಈ ವಿಮಾನದಿಂದ ತಯಾರಾದರು. 1957ರಲ್ಲಿ 5ನೇ ದಳಕ್ಕೆ ಕ್ಯಾನ್ಬೆರ್ರಾ ಜೆಟ್ ಬಾಂಬರ್‌ಗಳು ಬಂದವು. ಜೆಟ್ ಬಾಂಬರಿಗೆ ಬೇಕಾದ ಅನುಭವಿಗಳನ್ನು ಸಿದ್ಧಪಡಿಸಿದ ಪಾಠಶಾಲೆ ಲಿಬರೇಟರ್.

ಅದರ ಎರಡನೆಯ ಅಧ್ಯಾಯ 6ನೇ ಸ್ಕ್ವಾಡ್ರನ್ನಿನದು. 1951ರ ಜನವರಿಯಲ್ಲಿ ಪುಣೆಯಲ್ಲಿ ಮರುಹುಟ್ಟು ಪಡೆದ ಈ ದಳಕ್ಕೆ ಸಮುದ್ರ ಕಾಯುವ ಕೆಲಸ. ಬಾಂಬಿನ ಬದಲು ಇಂಧನ ತುಂಬಿಕೊಂಡು, ಸಮುದ್ರ ಹುಡುಕುವ ರಾಡಾರ್ ಅಳವಡಿಸಿಕೊಂಡು, ಬೆಳಗಿನಿಂದ ಸಂಜೆಯ ತನಕ ನೀಲಿಯ ಮೇಲೆ ಹಾರಾಟ. ಯುದ್ಧದಲ್ಲಿ ಬ್ಲ್ಯಾಕ್‌ಬರ್ನ್ ನೆಚ್ಚಿಕೊಂಡಿದ್ದ ಅದೇ ಉದ್ದ ರೆಕ್ಕೆ ಶಾಂತಿಕಾಲದಲ್ಲಿ ನಮ್ಮ ಕರಾವಳಿಯ ಕಾವಲಿಗೆ ಒದಗಿತು. 1961ರಲ್ಲಿ ಗೋವಾ ವಿಮೋಚನೆಯಾದಾಗಲೂ ಲಿಬರೇಟರ್‌ಗಳು ಸೇವೆಯಲ್ಲಿದ್ದವು. ಆ ಹೊತ್ತಿಗೆ ಜಗತ್ತಿನ ಬೇರೆ ವಾಯುಪಡೆಗಳು ಅವನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಏರ್ ಇಂಡಿಯಾದಿಂದ ಬಂದ ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳು ನಿಧಾನವಾಗಿ ಅವುಗಳ ಸ್ಥಾನಕ್ಕೆ ಬಂದವು. 1968ರಲ್ಲಿ ಭಾರತದ ಕೊನೆಯ ಲಿಬರೇಟರ್‌ಗಳು ನಿವೃತ್ತವಾದವು. ಜಗತ್ತಿನಲ್ಲಿ ಈ ಬಾಂಬರನ್ನು ಸೇನಾ ಸೇವೆಯಲ್ಲಿ ಕೊನೆಯ ತನಕ ಉಳಿಸಿಕೊಂಡದ್ದು ನಮ್ಮ ವಾಯುಪಡೆ.

ನಿವೃತ್ತಿಯ ಸುದ್ದಿ ತಿಳಿದು ಹೊರದೇಶದ ಮ್ಯೂಸಿಯಂಗಳು ಬಂದವು. ತಮ್ಮಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ವಿಮಾನವನ್ನು ಯುದ್ಧ ಮುಗಿಯುತ್ತಲೇ ಕರಗಿಸಿ ಪಾತ್ರೆ ಪಡಗ ಮಾಡಿಕೊಂಡಿದ್ದ ದೇಶಗಳು ಅವು. 1968ರಲ್ಲಿ ಒಂದು ಲಿಬರೇಟರ್ ಕೆನಡಾಕ್ಕೆ ಹಾರಿಹೋಯಿತು. ಬದಲಿಗೆ ಕೆನಡಾ ಒಂದು ಲೈಸಾಂಡರ್ ವಿಮಾನ ಕೊಟ್ಟಿತು, ಅದು ದಿಲ್ಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿದೆ. 1969ರಲ್ಲಿ ಇನ್ನೊಂದು ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂ ಸೇರಿತು. ಮತ್ತೊಂದು ಫ್ಲಾರಿಡಾಕ್ಕೆ ಹೋಯಿತು. ಮ್ಯಾಸಚೂಸೆಟ್ಸ್‌ನ ಕಾಲಿಂಗ್ಸ್ ಪ್ರತಿಷ್ಠಾನದವರು ಕೊಂಡ ಭಾರತದ ಲಿಬರೇಟರ್ ಪೂರ್ಣ ಜೀರ್ಣೋದ್ಧಾರಗೊಂಡು ಮತ್ತೆ ಹಾರಿತು. ಅಮೆರಿಕದ ಹಳೆಯ ಯೋಧರು ಅದರೊಳಗೆ ಹತ್ತಿ ಕೂತು ತಮ್ಮ ಯೌವನವನ್ನು ಕಂಡರು. ಒಂದನ್ನು ನಾವೇ ಉಳಿಸಿಕೊಂಡೆವು, ಅದೂ ಪಾಲಂನಲ್ಲಿದೆ.

ಇವುಗಳಲ್ಲಿ ಬ್ರಿಟನ್ನಿಗೆ ಹೋದ ವಿಮಾನದ ಚರಿತ್ರೆ ಇಡೀ ಕತೆಯನ್ನು ಒಂದೇ ಒಡಲಿನಲ್ಲಿ ಹೊತ್ತಿದೆ. ಬ್ರಿಟಿಷ್ ವಾಯುಪಡೆಯಲ್ಲಿ ಅದರ ಸಂಖ್ಯೆ ಕೆಎನ್ 751. 1945ರಲ್ಲಿ 99ನೇ ಸ್ಕ್ವಾಡ್ರನ್ನಿಗೆ ಸೇರಿ ಕೊಕೊಸ್ ದ್ವೀಪದಿಂದ ಹಾರಿತು. ಯುದ್ಧ ಮುಗಿದಾಗ ಚಕೇರಿಗೆ ಬಂದು ನಿಂತಿತು, ಲೆಕ್ಕದ ಪುಸ್ತಕದಿಂದ ಅದರ ಹೆಸರು ಹೊಡೆದುಹಾಕಲಾಯಿತು. ಬೆಂಗಳೂರಿನ ಕಾರ್ಖಾನೆಯಲ್ಲಿ ಮರುಜೀವ ಪಡೆದು, ಎಚ್‌ಇ 807 ಎಂಬ ಹೊಸ ಸಂಖ್ಯೆ ಹೊತ್ತು 6ನೇ ಸ್ಕ್ವಾಡ್ರನ್ನಿನಲ್ಲಿ ಸಮುದ್ರ ಕಾಯಿತು. 1974ರಲ್ಲಿ ಭಾರತೀಯ ವಾಯುಪಡೆ ಅದನ್ನು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ಉಡುಗೊರೆಯಾಗಿ ಕೊಟ್ಟಿತು. ಯಾರು ಅದನ್ನು ಗುಜರಿಯೆಂದು ಬಿಟ್ಟುಹೋದರೋ ಅವರ ದೇಶಕ್ಕೆ ಅದು ತನ್ನ ರೆಕ್ಕೆಯ ಬಲದಿಂದಲೇ ಹಾರಿಕೊಂಡು ಹೋಯಿತು. ಆ ಬಲ ಕೊಟ್ಟದ್ದು ಬೆಂಗಳೂರು. ಇಂದು ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಲಿಬರೇಟರ್‌ಗಳು ಒಂದು ಡಜನ್ನಿನ ಆಸುಪಾಸು. ಅವುಗಳಲ್ಲಿ ಸುಮಾರು ಅರ್ಧದಷ್ಟು ಭಾರತದಿಂದ ಹೋದವು ಅಥವಾ ಭಾರತದಲ್ಲಿರುವಂಥವು. ಯುದ್ಧ ಗೆದ್ದ ದೇಶಗಳ ನೆನಪನ್ನು ವಿಮಾನಪುರದ ಫಿಟ್ಟರ್‌ಗಳು ಕಾಪಾಡಿದರು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

1964ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಇಂದಿನ ಎಚ್‌ಎಎಲ್, ಆಯಿತು. 2001ರಲ್ಲಿ ಹಳೆ ವಿಮಾನನಿಲ್ದಾಣ ರಸ್ತೆಯಲ್ಲಿ ಅದರ ಹೆರಿಟೇಜ್ ಸೆಂಟರ್ ತೆರೆಯಿತು. ಎಚ್‌ಟಿ-2 ಇದೆ, ಮರುತ್ ಯುದ್ಧವಿಮಾನ ಇದೆ, ಕ್ಯಾನ್ಬೆರ್ರಾ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಜಾಗ. ಲಿಬರೇಟರ್ ಮಾತ್ರ ಅಲ್ಲಿಲ್ಲ. ನಿಂತದ್ದು ದಿಲ್ಲಿಯಲ್ಲಿ, ಕೆನಡಾದ ಒಟ್ಟಾವದಲ್ಲಿ, ಬ್ರಿಟನ್ನಿನಲ್ಲಿ. ಅದನ್ನು ಎಬ್ಬಿಸಿ ನಿಲ್ಲಿಸಿದ ಊರಿನಲ್ಲಿ ಒಂದೂ ಇಲ್ಲ.

ವಿಮಾನಕ್ಕಿಂತ ದೊಡ್ಡ ಕೊರತೆ ಹೆಸರುಗಳದ್ದು. ಬಾಂಬರಿನ ಚರಿತ್ರೆ ಬರೆಯುವವರು ಸಿಬ್ಬಂದಿ ಎಂದಾಗ ಒಳಗೆ ಕೂತ ಹತ್ತು ಮಂದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಭಾರತದ ಲಿಬರೇಟರ್‌ಗಳ ಮಟ್ಟಿಗೆ ಈ ಲೆಕ್ಕ ಸಾಲದು. ಅದರ ಸಿಬ್ಬಂದಿಯಲ್ಲಿ ಮೊದಲ ಸಾಲಿನವರು ಹ್ಯಾಂಗರಿನ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಶಿಯನ್‌ಗಳು. ಸ್ಕ್ವಾಡ್ರನ್ನಿನ ದಿನಚರಿಯಲ್ಲಿ ಪೈಲಟ್‌ನ ಹೆಸರಿರುತ್ತದೆ. ಬೆಂಗಳೂರಿನ ಹ್ಯಾಂಗರಿನಲ್ಲಿ ಮರಳು ತೊಳೆದವನ ಹೆಸರು ಅಲ್ಲಿರುವುದಿಲ್ಲ. ನಮ್ಮ ಬಿನ್ನಿ ಮಿಲ್ಲಿನ ನೇಕಾರರಿಗೆ ಆದದ್ದೂ ಇದೇ. ಮಿಲ್ ಮುಚ್ಚಿತು, ಆ ಜಾಗದಲ್ಲಿ ಮಾಲ್, ಅಪಾರ್ಟ್‌ಮೆಂಟುಗಳು ಎದ್ದವು. ಕಂಪನಿಯ ಹೆಸರು ಬಡಾವಣೆಯ ಹೆಸರಾಗಿ ಉಳಿದುಕೊಂಡಿತು, ದುಡಿದವರ ಹೆಸರು ಉಳಿಯಲಿಲ್ಲ. ಸಂಸ್ಥೆಗಳ ಚರಿತ್ರೆಯನ್ನು ಮಾಲೀಕರ, ದಿವಾನರ, ಅಧಿಕಾರಿಗಳ ಚರಿತ್ರೆಯಾಗಿ ಬರೆಯುವ ಅಭ್ಯಾಸವನ್ನು ಇನ್ನಾದರೂ ಬಿಡಬೇಕು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು 1940ರಿಂದ 1960ರ ನಡುವೆ ವಿಮಾನ ಕಾರ್ಖಾನೆಯಲ್ಲಾಗಲಿ ಬಿನ್ನಿ ಮಿಲ್ಲಿನಲ್ಲಾಗಲಿ ದುಡಿದಿದ್ದರೆ, ಟ್ರಂಕಿನ ತಳದಲ್ಲಿ ಅವರ ಗೇಟ್ ಪಾಸು, ಸಂಬಳದ ಚೀಟಿ, ಹ್ಯಾಂಗರಿನ ಮುಂದೆ ನಿಂತ ಗುಂಪು ಫೋಟೊ ಇದ್ದರೆ ಹಳೆ ಪೇಪರಿನೊಂದಿಗೆ ತೂಕಕ್ಕೆ ಹಾಕಬೇಡಿ. ಫೋಟೊದ ಹಿಂದೆ ನೆನಪಿರುವ ಹೆಸರುಗಳನ್ನು ಬರೆದಿಡಿ. ತೊಂಬತ್ತು ದಾಟಿದವರು ಮನೆಯಲ್ಲಿದ್ದರೆ ಅವರ ಮಾತನ್ನು ಈ ವಾರವೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಈ ಸಂಚಿಕೆಯ ಸಂಪಾದಕರಿಗೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನು ಅಚ್ಚು ಹಾಕೋಣ.